ರಕ್ತದೊತ್ತಡದ ಗುಳಿಗೆ ಮತ್ತು ಕೊಬ್ಬಿನ ಠೇವಣಿ

ಕಾಂದಿವಲಿ ಪಶ್ಚಿಮದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಕಚೇರಿಯುಳ್ಳ ಇಪ್ಕಾ ಸಂಸ್ಥೆ ತಯಾರಿಸುವ ಔಷಧಗಳಲ್ಲಿ ಅಟೆನೊಲಾಲ್ ಪ್ರಮುಖವಾದುದು. ಮುಂಬಯಿ ಕನ್ನಡಿಗರ ಅನೇಕ ಮನೆಗಳಲ್ಲಿ ಹಿರಿಯರು ವರ್ಷಗಟ್ಟಲೆ ಸೇವಿಸಿದ ಈ ರಕ್ತದೊತ್ತಡದ ಗುಳಿಗೆಯು ದೇಹದ ಕೊಬ್ಬಿನ ವ್ಯವಹಾರದಲ್ಲಿಯೂ ಕೈಯಾಡಿಸುತ್ತದೆ ಎಂಬುದು ಹಲವರಿಗೆ ತಿಳಿಯದು.

ಇದು ಬೀಟಾ ಬ್ಲಾಕರ್ ವರ್ಗದ ಔಷಧ. ಈ ವರ್ಗದ ಪ್ರೊಪ್ರಾನೊಲಾಲನ್ನು 1960ರ ದಶಕದಲ್ಲಿ ರೂಪಿಸಿದ ಜೇಮ್ಸ್ ಬ್ಲ್ಯಾಕ್ ಅವರಿಗೆ 1988ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಅಡ್ರಿನಾಲಿನ್ ಮತ್ತು ನಾರ್‌ಅಡ್ರಿನಾಲಿನ್‌ಗಳು ಹೃದಯದ ಬೀಟಾ ಗ್ರಾಹಕಗಳಿಗೆ ಅಂಟಿದಾಗ ಬಡಿತ ಹೆಚ್ಚುತ್ತದೆ. ಗುಳಿಗೆ ಆ ಸ್ಥಾನವನ್ನು ಮೊದಲೇ ಆಕ್ರಮಿಸುತ್ತದೆ. (ಗ್ರಾಹಕವೆಂದರೆ ಇಲ್ಲಿ ನಮ್ಮ ಬ್ಯಾಂಕಿನ ಗಿರಾಕಿಯಲ್ಲ, ಜೀವಕೋಶದ ಮೇಲಿನ ಬೀಗದಂತಹ ಪ್ರೋಟೀನು.) ಅಂತಹವೇ ಬೀಗಗಳು ಕೊಬ್ಬಿನ ಕೋಶಗಳ ಮೇಲೂ ಇವೆ. ಕೊಬ್ಬು ಠೇವಣಿಯಾದರೆ ನಾರ್‌ಅಡ್ರಿನಾಲಿನ್ ಹಣ ಹಿಂಪಡೆಯುವ ಚೀಟಿ. ಚೀಟಿ ಸ್ವೀಕೃತವಾಗದಿದ್ದರೆ ಠೇವಣಿ ಕರಗುವುದು ನಿಧಾನ.

2002ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಮೂರೂ ಬಗೆಯ ಬೀಟಾ ಗ್ರಾಹಕಗಳಿಲ್ಲದ ಇಲಿಗಳಿಗೆ ಕೊಬ್ಬು ತುಂಬಿದ ಆಹಾರ ನೀಡಲಾಯಿತು. ಅವು ವಿಪರೀತವಾಗಿ ಕೊಬ್ಬಿದವು. ಕಾರಣ ಹೊಟ್ಟೆಬಾಕತನವಲ್ಲ, ಸಾಮಾನ್ಯ ಇಲಿಗಳು ಹೆಚ್ಚುವರಿ ಆಹಾರವನ್ನು ಶಾಖವಾಗಿ ಉರಿಸುತ್ತವೆ, ಇವುಗಳಿಗೆ ಆ ಶಕ್ತಿ ಇರಲಿಲ್ಲ.

ಹಾಗೆಂದು ಇಲಿಯ ಲೆಕ್ಕವನ್ನು ಮನುಷ್ಯನ ಖಾತೆಗೆ ನೇರವಾಗಿ ವರ್ಗಾಯಿಸಲಾಗದು. ಅಲ್ಲಿ ಗ್ರಾಹಕಗಳನ್ನು ಹುಟ್ಟಿನಿಂದಲೇ ಇಲ್ಲವಾಗಿಸಲಾಗಿತ್ತು. ಅಟೆನೊಲಾಲ್ ಮುಖ್ಯವಾಗಿ ಮೊದಲನೆಯ ಬಗೆಯನ್ನಷ್ಟೇ ತಡೆಯುತ್ತದೆ. ಇಲಿಯ ಕೊಬ್ಬಿನಲ್ಲಿ ಪ್ರಬಲವಾಗಿರುವ ಮೂರನೆಯ ಬಗೆಗೆ ನಮ್ಮಲ್ಲಿ ಅಷ್ಟು ಪ್ರಾಮುಖ್ಯವಿಲ್ಲ. ಮನುಷ್ಯರ ಮೇಲಿನ ಅಧ್ಯಯನಗಳನ್ನು 2001ರಲ್ಲಿ ಒಟ್ಟಾಗಿ ಪರಿಶೀಲಿಸಿದಾಗ ಬೀಟಾ ಬ್ಲಾಕರ್ ಸೇವಿಸುವವರಲ್ಲಿ ಕಂಡ ತೂಕದ ಹೆಚ್ಚಳ ಸುಮಾರು 1.2 ಕಿಲೋ ಮಾತ್ರ. ಟ್ರೈಗ್ಲಿಸರೈಡ್ ತುಸು ಏರುವುದು, ಒಳ್ಳೆಯ ಕೊಲೆಸ್ಟರಾಲ್ ತುಸು ಇಳಿಯುವುದು ಉಂಟು. ಎಲ್ಲ ಗುಳಿಗೆಗಳೂ ಹೀಗೆಯೇ ಎನ್ನುವಂತಿಲ್ಲ: 2004ರ ಪ್ರಯೋಗದಲ್ಲಿ ಟೆಲ್ಮಿಸಾರ್ಟಾನ್ ಪಡೆದ ಇಲಿಗಳ ತೂಕದ ಏರಿಕೆ ತಗ್ಗಿತ್ತು. ಅದನ್ನು ನಂಬಿ ಯಾರೂ ತೂಕ ಇಳಿಸಲು ಆ ಗುಳಿಗೆ ನುಂಗಬಾರದು.

ಇಂತಹ ಸುದ್ದಿ ಓದಿದೊಡನೆ ಔಷಧಿಯನ್ನು ತಾವಾಗಿಯೇ ಬಿಡುವ ಹಿರಿಯರು ನಮ್ಮಲ್ಲಿದ್ದಾರೆ. ಕೊಬ್ಬಿಗಿಂತ ದೊಡ್ಡ ಅಪಾಯ ಅದೇ. ಬೀಟಾ ಬ್ಲಾಕರನ್ನು ಥಟ್ಟನೆ ನಿಲ್ಲಿಸಿದರೆ ಬಡಿತ ಏರಿ, ಹೃದ್ರೋಗಿಗಳಲ್ಲಿ ಎದೆನೋವು, ಕೆಲವೊಮ್ಮೆ ಹೃದಯಾಘಾತವೂ ಸಂಭವಿಸಬಹುದು. ಬದಲಿಸಬೇಕಾದಲ್ಲಿ ವೈದ್ಯರು ಪ್ರಮಾಣವನ್ನು ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ಹಂತಹಂತವಾಗಿ ಇಳಿಸುತ್ತಾರೆ.