ಪಂಡಿತರ ಲೇಖನವೂ ಪ್ರಜೆಗಳ ಹಣವೂ

ವೈದ್ಯಶಾಸ್ತ್ರದ ಸಂಶೋಧಕನೊಬ್ಬನು ವಿಶ್ವವಿದ್ಯಾನಿಲಯದ ಪ್ರಯೋಗಶಾಲೆಯಲ್ಲಿ ವರ್ಷಗಟ್ಟಲೆ ದುಡಿದು ಹೊಸ ವಿಷಯವೊಂದನ್ನು ಕಂಡುಹಿಡಿದನೆನ್ನೋಣ. ಅದನ್ನು ಆತನು ಯಾವ ಪತ್ರಿಕೆಗೆ ಕಳುಹಿಸಬೇಕು? ಇದು ಪಂಡಿತರ ಮನೆಯ ಮಾತು, ಗೃಹಸ್ಥರಾದ ನಮಗೇಕೆಂದು ವಾಚಕಮಹಾಶಯರು ಕೇಳಬಹುದು. ಆದರೆ ಇಂತಹ ಸಂಶೋಧನೆಗೆ ಹಣವೊದಗುವುದು ಬಹುಮಟ್ಟಿಗೆ ಪ್ರಜೆಗಳು ತೆತ್ತ ತೆರಿಗೆಯಿಂದ. ಅದರ ಫಲಕ್ಕಾಗಿ ಕಾದಿರುವವರು ರೋಗಿಗಳೂ ಅವರ ಮನೆಯವರೂ. ಹೀಗಿದ್ದೂ ಲೇಖನವು ದುಬಾರಿ ಪತ್ರಿಕೆಯಲ್ಲಿ ಅಚ್ಚಾದರೆ ಊರಿನ ವೈದ್ಯನಿಗೂ ಅದು ಎಟುಕದು.

ಬರೆದವನಿಗೆ ಸಂಭಾವನೆಯಿಲ್ಲ. ಲೇಖನವನ್ನು ಪರೀಕ್ಷಿಸುವ ಪಂಡಿತರಿಗೂ ಸಾಮಾನ್ಯವಾಗಿ ಏನೂ ದೊರೆಯದು. ಪತ್ರಿಕೆಯನ್ನು ಮಾತ್ರ ಅದೇ ವಿಶ್ವವಿದ್ಯಾನಿಲಯದ ಪುಸ್ತಕಭಂಡಾರವು ಹಣ ತೆತ್ತು ತರಿಸಿಕೊಳ್ಳಬೇಕು. ತನ್ನ ಹಸುವಿನ ಹಾಲನ್ನು ತಾನೇ ಕ್ರಯಕ್ಕೆ ಕೊಂಡಂತಾಯಿತು!

೨೦೦೦ದಲ್ಲಿ ಅಮೆರಿಕದ ಮೂವರು ವಿಜ್ಞಾನಿಗಳು ಇದನ್ನು ಪ್ರತಿಭಟಿಸಿದರು. ಅರ್ಬುದರೋಗದ ಸಂಶೋಧನೆಗಾಗಿ ನೊಬೆಲ್ ಬಹುಮಾನ ಪಡೆದಿದ್ದ ಹೆರಾಲ್ಡ್ ವಾರ್ಮಸ್, ಸ್ಟ್ಯಾನ್‌ಫರ್ಡಿನ ಪ್ಯಾಟ್ರಿಕ್ ಬ್ರೌನ್, ಬರ್ಕ್ಲಿಯ ಮೈಕೇಲ್ ಐಸೆನ್ ಎಂಬವರೇ ಇವರು. ಅಚ್ಚಾದ ಆರು ತಿಂಗಳೊಳಗೆ ಲೇಖನವನ್ನು ಸರ್ವರಿಗೂ ಉಚಿತವಾಗಿ ತೆರೆದಿಡದ ಪತ್ರಿಕೆಗೆ ೨೦೦೧ರ ಸೆಪ್ಟೆಂಬರಿನಿಂದ ತಾವು ಬರೆಯುವುದಿಲ್ಲ, ಚಂದಾ ಕೊಡುವುದೂ ಇಲ್ಲವೆಂಬ ಪ್ರತಿಜ್ಞಾಪತ್ರವನ್ನು ಅವರು ಹೊರಡಿಸಿದರು. ಸುಮಾರು ೩೪,೦೦೦ ವಿಜ್ಞಾನಿಗಳು ಅದಕ್ಕೆ ಸಹಿಮಾಡಿದರು. ಗಡುವು ಬಂದಿತು, ಮಣಿದ ಪ್ರಕಾಶಕರು ಕೆಲವರೇ. ಸಹಿಮಾಡಿದವರಲ್ಲಿ ಬಹುಮಂದಿ ಮೊದಲಿನ ಪತ್ರಿಕೆಗಳಿಗೇ ಲೇಖನ ಕಳುಹಿಸಿದರು.

ಅವರನ್ನು ಹಳಿಯಲು ನಮಗೆ ಮನಸ್ಸು ಬಾರದು. ತರುಣ ಸಂಶೋಧಕನಿಗೆ ಕೆಲಸ ಕೊಡುವವರು ಎಷ್ಟೋ ವೇಳೆ ಲೇಖನದ ಒಳಗನ್ನು ಓದುವುದಕ್ಕೆ ಮೊದಲು ಪತ್ರಿಕೆಯ ಹೆಸರನ್ನು ನೋಡುತ್ತಾರೆ. ಪತ್ರಿಕೆಗಳನ್ನು ಆರಿಸಿಕೊಳ್ಳಲು ನೆರವಾಗಲೆಂದು ಯೂಜೀನ್ ಗಾರ್ಫೀಲ್ಡರು ಬಳಕೆಗೆ ತಂದ 'ಇಂಪ್ಯಾಕ್ಟ್ ಫ್ಯಾಕ್ಟರ್' ಎಂಬ ಎಣಿಕೆಯು ಕಾಲಕ್ರಮದಲ್ಲಿ ಮನುಷ್ಯರನ್ನು ತೂಗುವ ತಕ್ಕಡಿಯಾಯಿತು. ಸಂಸಾರ ಹೊತ್ತವನು ಪ್ರತಿಜ್ಞೆಗಾಗಿ ಅನ್ನವನ್ನು ಬಿಟ್ಟಾನೆಯೆ? ೨೦೧೩ರಲ್ಲಿ ಬರ್ಕ್ಲಿಯ ರ‍್ಯಾಂಡಿ ಷೆಕ್‌ಮನ್ನರು ನೊಬೆಲ್ ಬಹುಮಾನ ಸ್ವೀಕರಿಸುವ ಹೊತ್ತಿನಲ್ಲಿ, 'ನೇಚರ್', 'ಸೆಲ್', 'ಸೈನ್ಸ್' ಪತ್ರಿಕೆಗಳಿಗೆ ತಮ್ಮ ಪ್ರಯೋಗಶಾಲೆಯಿಂದ ಇನ್ನು ಲೇಖನ ಹೋಗದೆಂದು ಸಾರಿದರು. ಮೇಲೇರಿದ ಮೇಲೆ ಏಣಿಯನ್ನು ಹಳಿಯುವುದು ಸುಲಭವೆಂದು ಕೆಲವರು ಆಡಿಕೊಂಡರು. ಅದು ಪೂರಾ ಅನ್ಯಾಯದ ಮಾತೆಂದು ನಾವು ಹೇಳಲಾರೆವು.

ವಾರ್ಮಸ್ ಮೊದಲಾದವರು ಕೈಕಟ್ಟಿ ಕುಳಿತುಕೊಳ್ಳದೆ, ೨೦೦೩ರ ಅಕ್ಟೋಬರಿನಲ್ಲಿ 'ಪ್ಲಾಸ್ ಬಯಾಲಜಿ' ಎಂಬ ತಮ್ಮದೇ ಪತ್ರಿಕೆಯನ್ನು ಆರಂಭಿಸಿದರು. ಓದುವವನು ಏನೂ ಕೊಡಬೇಕಾಗಿಲ್ಲ. ವೆಚ್ಚಕ್ಕಾಗಿ ಲೇಖಕನ ಕಡೆಯಿಂದ ೧,೫೦೦ ಡಾಲರು. ಈ ಮಾರ್ಗವೇ ಮುಂದೆ ಬೇರೆ ರೂಪವನ್ನು ತಾಳಿತು. ೨೦೨೧ರಲ್ಲಿ 'ನೇಚರ್' ಪತ್ರಿಕೆಯು ಲೇಖನವನ್ನು ಹಾಗೆ ತೆರೆದಿಡಲು ೯,೫೦೦ ಯೂರೊಗಳನ್ನು ಗೊತ್ತುಮಾಡಿತು. ಓದುಗನ ಹೆಗಲಿನ ಹೊರೆ ಬರೆಯುವವನ ಹೆಗಲಿಗೇರಿತು. ಬಡ ದೇಶದ ಸಂಶೋಧಕನು ಅದನ್ನು ಎಲ್ಲಿಂದ ತಂದಾನು?

ಭಾರತ ಸರ್ಕಾರವು ೨೦೨೪ರ ನವೆಂಬರಿನಲ್ಲಿ, ಸರ್ಕಾರಿ ವಿದ್ಯಾಸಂಸ್ಥೆಗಳೆಲ್ಲಕ್ಕೂ ಒಟ್ಟಾಗಿ ಪತ್ರಿಕೆಗಳ ಚಂದಾ ತೆರಲು ಮೂರು ವರ್ಷಕ್ಕೆ ೬,೦೦೦ ಕೋಟಿ ರೂಪಾಯಿಗಳನ್ನು ಮಂಜೂರುಮಾಡಿತು. ಕರ್ಣಾಟಕದ ವಿಶ್ವವಿದ್ಯಾನಿಲಯಗಳ ವಿದ್ಯಾರ್ಥಿಗಳಿಗೂ ಇದರಿಂದ ಅನುಕೂಲವುಂಟು. ಸ್ವಂತ ಔಷಧಾಲಯವಿಟ್ಟುಕೊಂಡಿರುವ ಊರಿನ ವೈದ್ಯನು ಮಾತ್ರ ಹೊರಗೇ ಉಳಿದನು. ಅಮೆರಿಕದಲ್ಲಿ, ಹಿಂದೆ ವಾರ್ಮಸರೇ ಮುಖ್ಯರಾಗಿದ್ದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು, ತನ್ನ ಹಣದಿಂದ ನಡೆದು ೨೦೨೫ರ ಜುಲೈ ೧ರ ಅನಂತರ ಅಂಗೀಕೃತವಾದ ಲೇಖನಗಳು ಪ್ರಕಟವಾದೊಡನೆಯೇ ಸರ್ವರಿಗೂ ಉಚಿತವಾಗಿ ದೊರೆಯಬೇಕೆಂದು ವಿಧಿಸಿತು. ಅವನ್ನು ನಮ್ಮ ಊರಿನ ವೈದ್ಯನೂ ಓದಬಹುದು.