ಹಳೇ ಕಾರಿನ ಹಳದಿ ದೀಪ

ಪಾವಗಡದಿಂದ ತುಮಕೂರಿಗೆ ಹೆಚ್ಚುಕಡಿಮೆ 100 ಕಿಲೋಮೀಟರ್. ದಾರಿಯಲ್ಲಿ ಮಧುಗಿರಿ, ಕೊರಟಗೆರೆ ಸಿಗುತ್ತವೆ. ಎಂಜಿನ್ ಬಿಚ್ಚಿ ಜೋಡಿಸಬಲ್ಲ ಪಳಗಿದ ಕೈಗಳು ಈ ಊರುಗಳಲ್ಲೂ ಇವೆ, ಸಿರಾದಲ್ಲೂ ಇವೆ. ಆದರೂ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹೊತ್ತಿದರೆ ಗ್ಯಾರೇಜಿನಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು, ‘ಸೆನ್ಸರ್ ಹೋಗಿದೆ, ಚೇಂಜ್ ಮಾಡ್ಬೇಕು’. ಸಾವಿರಾರು ರೂಪಾಯಿ ಕೊಟ್ಟು ಹೊಸದು ಹಾಕಿಸಿದ ಮೇಲೂ ಕೆಲವೇ ದಿನದಲ್ಲಿ ದೀಪ ಮತ್ತೆ ಹೊತ್ತಿಕೊಳ್ಳುವುದುಂಟು. ಯಾಕೆಂದರೆ ಯಾವ ಭಾಗ ಕೆಟ್ಟಿದೆ ಎಂಬುದು ಆ ದೀಪಕ್ಕೆ ಗೊತ್ತಿಲ್ಲ. ಯಾವ ಅಳತೆ ಹದ ತಪ್ಪಿದೆ ಎಂಬುದಷ್ಟೇ ಅದಕ್ಕೆ ಗೊತ್ತು.

ಆ ಅಳತೆಯನ್ನು ಮನೆಯಲ್ಲೇ ಓದಬಹುದು. ಸ್ಟಿಯರಿಂಗ್ ಕೆಳಗೆ ಬಗ್ಗಿ ನೋಡಿ, 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಸಾವಿರ ರೂಪಾಯಿಯೊಳಗೆ ಸಿಗುವ ಬ್ಲೂಟೂತ್ ಸ್ಕ್ಯಾನರನ್ನು ಅದಕ್ಕೆ ಸಿಕ್ಕಿಸಿದರೆ ಕೋಡ್ ಮೊಬೈಲಿಗೆ ಬರುತ್ತದೆ. ಭಾರತದಲ್ಲಿ ಬಿಎಸ್-4 ಮಾಲಿನ್ಯ ಮಾನದಂಡದ ಕಾರುಗಳಿಗೆ ಒಬಿಡಿ ಎಂಬ ಈ ಸ್ವಯಂ ತಪಾಸಣೆಯ ಮೊದಲ ಹಂತ 2010ರ ಏಪ್ರಿಲ್‌ನಲ್ಲಿ, ಎರಡನೆಯದು 2013ರ ಏಪ್ರಿಲ್‌ನಲ್ಲಿ ಕಡ್ಡಾಯವಾಯಿತು. ಆದರೆ ಬಿಎಸ್-4 ಮೊದಲು ಬಂದದ್ದು ಬೆಂಗಳೂರಿನಂಥ ಮಹಾನಗರಗಳಿಗೆ. ದೇಶಕ್ಕೆಲ್ಲ ಹಬ್ಬಲು 2017 ಆಯಿತು. ಹಾಗಾಗಿ ನಮ್ಮ ಕಡೆಯ ಹಳೇ ಕಾರುಗಳಲ್ಲಿ ಸಾಕೆಟ್ ಇದ್ದರೂ ಅಗ್ಗದ ಸ್ಕ್ಯಾನರಿಗೆ ಉತ್ತರ ಕೊಡದವು ಇರಬಹುದು. ಅಂಥವಕ್ಕೆ ಆಯಾ ಕಂಪನಿಯ ಕಾರುಗಳಿಗೆಂದೇ ಇರುವ ಸ್ಕ್ಯಾನರ್ ಬೇಕಾಗುತ್ತದೆ.

ಹೆಚ್ಚು ಜನರನ್ನು ದಾರಿ ತಪ್ಪಿಸುವ ಕೋಡ್ ಪಿ0171. ಸಿಲಿಂಡರಿನಲ್ಲಿ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಎಂದು ಅದರ ಅರ್ಥ. ಇದನ್ನು ಕಂಡುಹಿಡಿಯುವುದು ಹೊಗೆ ಕೊಳವೆಯಲ್ಲಿ ಕೂತ ಆಕ್ಸಿಜನ್ ಸೆನ್ಸರ್. ಅದರೊಳಗಿನ ಜಿರ್ಕೋನಿಯಾ ಪಿಂಗಾಣಿ 300 ಡಿಗ್ರಿ ಸೆಲ್ಸಿಯಸ್ ದಾಟಿ ಕಾದಾಗ ಆಮ್ಲಜನಕದ ಅಯಾನುಗಳನ್ನು ತನ್ನ ಮೂಲಕ ಹಾಯಲು ಬಿಡುತ್ತದೆ. ಹೊರಗಿನ ಗಾಳಿಗೂ ಒಳಗಿನ ಹೊಗೆಗೂ ಆಮ್ಲಜನಕದಲ್ಲಿರುವ ವ್ಯತ್ಯಾಸವೇ ವಿದ್ಯುತ್ತಾಗುತ್ತದೆ. ಹೊಗೆಯಲ್ಲಿ ಆಮ್ಲಜನಕ ಉಳಿದಿದ್ದರೆ 0.1 ವೋಲ್ಟಿನ ಆಸುಪಾಸು, ಉಳಿಯದಿದ್ದರೆ 0.9. ಜರ್ಮನಿಯ ವಾಲ್ಟರ್ ನೆರ್ನ್ಸ್ಟ್ 1889ರಲ್ಲಿ ಕೊಟ್ಟ ಸಮೀಕರಣ ನಮ್ಮ ಕಾರಿನ ಸೈಲೆನ್ಸರ್ ಪೈಪಿನಲ್ಲಿ ಪ್ರತಿ ಕ್ಷಣ ಕೆಲಸ ಮಾಡುತ್ತಿದೆ ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ. ಈ ವೋಲ್ಟೇಜ್ ನೋಡಿ ಎಂಜಿನ್ನಿನ ಕಂಪ್ಯೂಟರ್ ಪೆಟ್ರೋಲನ್ನು ಹೆಚ್ಚುಕಡಿಮೆ ಮಾಡುತ್ತದೆ. ಆ ತಿದ್ದುಪಡಿಗೆ ಫ್ಯೂಯೆಲ್ ಟ್ರಿಮ್ ಎನ್ನುತ್ತಾರೆ. ಅದು ಶೇಕಡ 10ರ ಒಳಗಿದ್ದರೆ ಚಿಂತೆಯಿಲ್ಲ. 20–25 ದಾಟಿದರೆ ಕಂಪ್ಯೂಟರ್ ಕೈಚೆಲ್ಲಿ ದೀಪ ಹೊತ್ತಿಸುತ್ತದೆ. ಅಂದರೆ ಇಲ್ಲಿ ಸೆನ್ಸರ್ ದೂರು ಹೇಳುತ್ತಿರುವ ಸಾಕ್ಷಿ. ಅದನ್ನೇ ಕಿತ್ತು ಬಿಸಾಡುವುದು ನ್ಯಾಯವಲ್ಲ.

ನಿಜವಾದ ಕಾರಣ ಹುಡುಕಲು ಎಂಜಿನ್ ಬಿಸಿಯಾದ ಮೇಲೆ ಮೊಬೈಲಿನಲ್ಲಿ ಟ್ರಿಮ್ ನೋಡಿ. ಐಡ್ಲಿಂಗಿನಲ್ಲಿ ಹೆಚ್ಚಿದ್ದು, ಆಕ್ಸಿಲರೇಟರ್ ಒತ್ತಿ 2,500 ಆರ್‌ಪಿಎಂಗೆ ಏರಿಸಿದಾಗ ಇಳಿದರೆ ಎಲ್ಲೋ ಕಳ್ಳಗಾಳಿ ಒಳಹೋಗುತ್ತಿದೆ. ವ್ಯಾಕ್ಯೂಮ್ ಪೈಪುಗಳನ್ನು ಬಗ್ಗಿಸಿ ಸೀಳು ಹುಡುಕಿ. ಗಾಳಿಯ ಪ್ರಮಾಣದ ಬದಲು ಒತ್ತಡ ಅಳೆಯುವ ಮ್ಯಾಪ್ ಸೆನ್ಸರಿನ ಕಾರುಗಳಲ್ಲಿ ಇದೇ ಸೀಳು ಐಡ್ಲಿಂಗ್ ಏರಿಸಿಬಿಡುತ್ತದೆ, ಟ್ರಿಮ್ ಹೆಚ್ಚು ಬದಲಾಗದೆಯೂ ಇರಬಹುದು. ಐಡ್ಲಿಂಗಿನಲ್ಲಿ ಸರಿಯಿದ್ದು, ಲೋಡ್ ಬಿದ್ದಾಗ ಟ್ರಿಮ್ ಏರುತ್ತಾ ಹೋದರೆ ಫ್ಯೂಯೆಲ್ ಫಿಲ್ಟರ್, ಪಂಪಿನ ಮೇಲೆ ಅನುಮಾನಪಡಿ.

ಪಾವಗಡ, ಮಧುಗಿರಿ, ಕೊರಟಗೆರೆ, ಸಿರಾ ಎಂಬ ನಮ್ಮ ನಾಲ್ಕು ತಾಲ್ಲೂಕುಗಳ ಹವೆಯೂ ಇದರಲ್ಲಿ ಪಾಲುದಾರ. ಮಳೆ ಕಡಿಮೆ, ಬಿಸಿಲು ಜಾಸ್ತಿ. ಪಾವಗಡ ತಾಲ್ಲೂಕಿನ ತಿರುಮಣಿಯ ಸೋಲಾರ್ ಪಾರ್ಕಿಗೆ ವರವಾದ ಆ ಬಿಸಿಲು ಬಾನೆಟ್ಟಿನೊಳಗಿನ ರಬ್ಬರನ್ನು ಒಣಗಿಸಿ ಸೀಳಿಸುತ್ತದೆ. ಮಣ್ಣು ರಸ್ತೆಯ ಧೂಳು ಏರ್ ಫಿಲ್ಟರ್ ದಾಟಿ ಗಾಳಿ ಅಳೆಯುವ ಕಾದ ತಂತಿಗೆ ಮೆತ್ತಿಕೊಂಡರೆ ಅದು ಬಂದ ಗಾಳಿಯನ್ನು ಕಡಿಮೆ ಲೆಕ್ಕ ಹಾಕುತ್ತದೆ. ಗುಂಡಿಬಿದ್ದ ರಸ್ತೆಯಲ್ಲಿ ಸೈಲೆನ್ಸರ್ ಜಾಯಿಂಟ್ ಸಡಿಲವಾದರೆ ಹೊರಗಿನ ಗಾಳಿ ನುಗ್ಗಿ ಸೆನ್ಸರಿಗೆ ಸುಳ್ಳು ಸುದ್ದಿ ಕೊಡುತ್ತದೆ. ಕಡಲೆಕಾಯಿ ಮೂಟೆ ಪೇರಿಸಿದ ಮನೆಯ ಪಕ್ಕ ಕಾರು ನಿಲ್ಲಿಸುವವರು ವೈರುಗಳನ್ನು ಇಲಿ ಕಡಿದಿದೆಯೇ ಎಂದೂ ನೋಡಬೇಕು.

ಈಗ ಬಂಕುಗಳಲ್ಲಿ ಸಿಗುವ ಶೇಕಡ 20 ಎಥೆನಾಲ್ ಬೆರೆತ ಪೆಟ್ರೋಲನ್ನೂ ಮರೆಯಬೇಡಿ. ಒಂದು ಕಿಲೋ ಪೆಟ್ರೋಲ್ ಉರಿಯಲು 14.7 ಕಿಲೋ ಗಾಳಿ ಬೇಕು, ಎಥೆನಾಲ್‌ಗೆ 9 ಕಿಲೋ ಸಾಕು. ಆದ್ದರಿಂದ ಅಷ್ಟೇ ಗಾಳಿಗೆ ಶುದ್ಧ ಪೆಟ್ರೋಲಿಗಿಂತ ಸುಮಾರು ಶೇಕಡ 7–8 ಹೆಚ್ಚು ಇಂಧನ ಸುರಿಯಬೇಕಾಗುತ್ತದೆ. ಮೊದಲೇ ಪೈಪು ಸೀಳಿದ ಹಳೇ ಕಾರಿಗೆ ಮಿತಿ ದಾಟಲು ಅಷ್ಟು ಸಾಕು.

ದೀಪ ಸುಮ್ಮನೆ ಉರಿಯುತ್ತಿದ್ದು ಕಾರು ಚೆನ್ನಾಗಿ ಓಡುತ್ತಿದ್ದರೆ ಗಾಬರಿ ಬೇಡ. ಮಿನುಗತೊಡಗಿದರೆ ಮಾತ್ರ ವೇಗ ಇಳಿಸಿ, ಪಕ್ಕಕ್ಕೆ ಹಾಕಿ ನಿಲ್ಲಿಸಿ. ಎಂಜಿನ್ ಮಿಸ್ಸಿಂಗ್ ಹೊಡೆಯುತ್ತಿದೆ ಎಂದು ಅದರರ್ಥ. ಉರಿಯದೆ ಹೊರಬಿದ್ದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಹೊತ್ತಿಕೊಂಡು, ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪನವಿರುವ ಆ ದುಬಾರಿ ಭಾಗವನ್ನೇ ಕರಗಿಸಬಹುದು. ಪಿ0303 ಬಂದರೆ ಮೂರನೇ ಸಿಲಿಂಡರಿನ ತೊಂದರೆ. ಪ್ರತಿ ಸಿಲಿಂಡರಿಗೂ ಪ್ರತ್ಯೇಕ ಇಗ್ನಿಷನ್ ಕಾಯಿಲ್ ಇರುವ ಕಾರಾದರೆ, ಎಂಜಿನ್ ಆರಿಸಿ ತಣ್ಣಗಾದ ಮೇಲೆ ಮೂರನೆಯದನ್ನೂ ಒಂದನೆಯದನ್ನೂ ಅದಲುಬದಲು ಮಾಡಿ. ಕೋಡ್ ಪಿ0301ಕ್ಕೆ ಜಿಗಿದರೆ ಕಾಯಿಲ್ ಕೆಟ್ಟಿದೆ. ಅಲ್ಲೇ ಉಳಿದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ಕೆಂಪು ಆಯಿಲ್ ದೀಪದ ವಿಷಯ ಬೇರೆ; ಅದು ಹೊತ್ತಿದ ತಕ್ಷಣ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆರಿಸಬೇಕು.

ಕೋಡನ್ನು ಅಳಿಸುವ ಅವಸರ ಬೇಡ. ದೀಪ ಹೊತ್ತಿದ ಕ್ಷಣದ ವೇಗ, ಆರ್‌ಪಿಎಂ, ಕೂಲೆಂಟಿನ ಬಿಸಿಯನ್ನು ಕಂಪ್ಯೂಟರ್ ಕೋಡಿನ ಜೊತೆಗೇ ಬರೆದಿಟ್ಟಿರುತ್ತದೆ. ಕೋಡ್ ಅಳಿಸಿದರೆ ಆ ದಾಖಲೆಯೂ ಹೋಗುತ್ತದೆ. ಅದನ್ನು ಮೊದಲು ಫೋಟೋ ತೆಗೆದಿಟ್ಟುಕೊಂಡು ಗ್ಯಾರೇಜಿಗೆ ಹೋಗಿ, ಏನನ್ನಾದರೂ ಬದಲಿಸುವ ಮುಂಚೆ ಆ ಭಾಗವನ್ನು ಪರೀಕ್ಷಿಸಿ ತೋರಿಸುವಂತೆ ಮೆಕ್ಯಾನಿಕ್ಕನ್ನು ಕೇಳಿ.