ಮನೆಯ ಮಾತು ಮನೆಯೊಳಗೇ ಇರಲಿ

ಮನೆಯ ಮಾತು ಹೊಸಿಲು ದಾಟಬಾರದು ಎಂಬುದು ನಮ್ಮ ಹಿರಿಯರ ವಿವೇಕ. ದಾಟಿದರೂ ಅದು ಯಾರ ಬಾಯಿಂದ ಯಾರ ಕಿವಿಗೆ ಹೋಯಿತು ಎಂಬ ಅಂದಾಜು ಅವರಿಗಿರುತ್ತಿತ್ತು. ಈಗ ಆ ಅಂದಾಜು ನಮ್ಮ ಕೈತಪ್ಪಿದೆ. ನಡುಮನೆಯ ಮೂಲೆಯಲ್ಲಿ ಕುಳಿತ ಅಂಗೈಯಗಲದ ಸ್ಪೀಕರ್‌ಗೆ ‘ಫ್ಯಾನ್ ಹಾಕು’ ಎಂದರೆ, ಆ ಎರಡು ಪದಗಳು ಅಂತರ್ಜಾಲದ ಮೂಲಕ ಕಂಪನಿಯೊಂದರ ದೂರದ ಕಂಪ್ಯೂಟರುಗಳನ್ನು ತಲುಪಿ, ಅಲ್ಲಿ ಅರ್ಥ ಪಡೆದು, ಆಜ್ಞೆಯಾಗಿ ಮರಳಿ, ನಾಲ್ಕು ಅಡಿ ಆಚೆಗಿನ ಫ್ಯಾನನ್ನು ತಿರುಗಿಸುತ್ತವೆ. ಪಕ್ಕದ ಕೋಣೆಯವರನ್ನು ಕರೆಯಲು ಸಮುದ್ರದಾಚೆಗೆ ಕಾಗದ ಬರೆದಂಥ ವ್ಯವಸ್ಥೆ ಇದು.

ಆ ಕಾಗದವನ್ನು ದಾರಿಯಲ್ಲಿ ಯಾರೂ ಒಡೆದು ಓದುವುದಿಲ್ಲ ಎಂದು ನಂಬುವುದು ಕಷ್ಟ. ಅಲೆಕ್ಸಾಗೆ ಜನರು ಹೇಳಿದ ಕೆಲವು ಮಾತುಗಳನ್ನು ಅಮೆಜಾನ್ ಕಂಪನಿಯ ಪರವಾಗಿ ಮನುಷ್ಯರೇ ಕೇಳಿ ಬರಹಕ್ಕಿಳಿಸುತ್ತಾರೆ ಎಂಬುದನ್ನು 2019ರ ಏಪ್ರಿಲ್‌ನಲ್ಲಿ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆ ಬಯಲಿಗೆಳೆಯಿತು. ಅದೇ ಜುಲೈನಲ್ಲಿ ಬೆಲ್ಜಿಯಂನ ವಿಆರ್‌ಟಿ ಪ್ರಸಾರ ಸಂಸ್ಥೆಯು ಗೂಗಲ್ ಅಸಿಸ್ಟೆಂಟ್‌ನ ಸಾವಿರಕ್ಕೂ ಹೆಚ್ಚು ಧ್ವನಿತುಣುಕುಗಳನ್ನು ಆಲಿಸಿತು. ಅವುಗಳಲ್ಲಿ 153 ತುಣುಕುಗಳು ಯಂತ್ರವನ್ನು ಯಾರೂ ಕರೆಯದಿದ್ದಾಗ ದಾಖಲಾದವು ಎಂದು ಅದು ವರದಿ ಮಾಡಿತು. ಮಕ್ಕಳ ಧ್ವನಿಮುದ್ರಿಕೆಗಳನ್ನು ಅನಿರ್ದಿಷ್ಟ ಕಾಲ ಉಳಿಸಿಕೊಂಡ ಆರೋಪದ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ನಡೆಸಿದ ಪ್ರಕರಣದಲ್ಲಿ, ಅಮೆಜಾನ್ 2023ರಲ್ಲಿ 2.5 ಕೋಟಿ ಡಾಲರ್ ದಂಡ ತೆರಲು ಒಪ್ಪಿತು. ಧ್ವನಿಯನ್ನು ಹೊರಗೆ ಕಳುಹಿಸದಿರುವ ಆಯ್ಕೆಯೊಂದು ಅಮೆರಿಕದ ಕೆಲವು ಎಕೋ ಮಾದರಿಗಳಲ್ಲಿ ಇತ್ತು. 2025ರ ಮಾರ್ಚ್ 28ರಿಂದ ಅದನ್ನೂ ಹಿಂತೆಗೆದುಕೊಳ್ಳಲಾಯಿತು.

ಹಾಗಾದರೆ ಇಂಥ ಸಾಧನವೇ ಬೇಡ ಎನ್ನಬಹುದು. ನಾನೂ ಬಹುಕಾಲ ಹಾಗೆಯೇ ಅಂದುಕೊಂಡಿದ್ದೆ. ಆದರೆ ಎಂಬತ್ತು ದಾಟಿದ ನನ್ನ ತಾಯಿ ಧಾರವಾಡದ ಮನೆಯನ್ನು ಬಿಟ್ಟು ಬೆಂಗಳೂರಿಗೆ ಬಂದ ಮೇಲೆ ಪ್ರಶ್ನೆಯ ಸ್ವರೂಪ ಬದಲಾಯಿತು. ಅವರ ಮೊಣಕಾಲಿನಲ್ಲಿ ಬಲವಿಲ್ಲ, ಕಣ್ಣು ಮಂದ. ನಡುರಾತ್ರಿ ಬಚ್ಚಲಿಗೆ ಹೋಗಬೇಕಾದಾಗ ಕತ್ತಲಲ್ಲಿ ಸ್ವಿಚ್ಚು ತಡಕುವ ಆ ನಾಲ್ಕು ಹೆಜ್ಜೆಗಳೇ ನಮಗೆ ದೊಡ್ಡ ಭಯ. ಈ ವಯಸ್ಸಿನಲ್ಲಿ ಒಮ್ಮೆ ಬಿದ್ದು ಸೊಂಟದ ಮೂಳೆ ಮುರಿದರೆ ಮತ್ತೆ ಮೊದಲಿನಂತೆ ಓಡಾಡುವವರು ಕಡಿಮೆ. ಪ್ರತಿ ಸಲವೂ ಯಾರನ್ನಾದರೂ ಎಬ್ಬಿಸಲು ಅವರ ಸ್ವಾಭಿಮಾನ ಒಪ್ಪುವುದಿಲ್ಲ. ಮಲಗಿದಲ್ಲಿಂದಲೇ ಹೇಳಿದರೆ ದೀಪ ಹೊತ್ತುವುದು ಅವರಿಗೆ ಶೋಕಿಯಲ್ಲ, ಆಸರೆ. ಈ ಆಸರೆಗೆ ಮನೆಯವರೆಲ್ಲರ ಖಾಸಗಿ ಬದುಕನ್ನೇ ಬೆಲೆಯಾಗಿ ಕೊಡಬೇಕೆ?

ಕೊಡಬೇಕಾಗಿಲ್ಲ ಎಂಬುದನ್ನು ಕಳೆದ ಕೆಲವು ತಿಂಗಳ ಅನುಭವದಿಂದ ಹೇಳಬಲ್ಲೆ. ‘ಹೋಮ್ ಅಸಿಸ್ಟೆಂಟ್’ ಎಂಬುದು ಪೌಲಸ್ ಸ್ಕೌಟ್ಸೆನ್ ಎಂಬುವರು 2013ರಲ್ಲಿ ಆರಂಭಿಸಿದ ಮುಕ್ತ ತಂತ್ರಾಂಶ. 2024ರಿಂದ ಅದು ಲಾಭೋದ್ದೇಶವಿಲ್ಲದ ಪ್ರತಿಷ್ಠಾನವೊಂದರ ಆಶ್ರಯದಲ್ಲಿದೆ. ಮನೆಯ ದೀಪ, ಫ್ಯಾನು, ಗೀಸರುಗಳನ್ನು ಮನೆಯಲ್ಲೇ ಇರುವ ಒಂದು ಕಂಪ್ಯೂಟರಿನಿಂದ ನಿರ್ವಹಿಸುವುದು ಅದರ ತತ್ವ. ಕಚೇರಿಯಲ್ಲಿ ಬಳಸಿ ಬಿಟ್ಟ ಪುಟ್ಟ ಕಂಪ್ಯೂಟರೊಂದನ್ನು ಎಸ್.ಪಿ. ರಸ್ತೆಯಲ್ಲಿ ಕೊಂಡು ತಂದೆ. ಮಧ್ಯಮ ದರ್ಜೆಯ ಮೊಬೈಲಿಗಿಂತ ಕಡಿಮೆ ಖರ್ಚಿನಲ್ಲಿ ಕೆಲಸವಾಯಿತು.

ಯಂತ್ರವು ಮಾತನ್ನು ಪಾಲಿಸುವ ಕ್ರಮದಲ್ಲಿ ನಾಲ್ಕು ಹಂತಗಳಿವೆ. ಮೊದಲನೆಯದು ಎಚ್ಚರಿಸುವ ಪದವನ್ನು ಗುರುತಿಸುವುದು. ಎರಡನೆಯದು ಅದರ ನಂತರದ ಮಾತನ್ನು ಅಕ್ಷರಕ್ಕೆ ಇಳಿಸುವುದು. ಮೂರನೆಯದು ಆ ವಾಕ್ಯದ ಇಂಗಿತವನ್ನು ತಿಳಿದು ಸಂಬಂಧಪಟ್ಟ ಸಾಧನಕ್ಕೆ ಆಜ್ಞೆ ಕೊಡುವುದು. ನಾಲ್ಕನೆಯದು ‘ಆಯಿತು’ ಎಂದು ಉತ್ತರಿಸುವುದು. ದೊಡ್ಡ ಕಂಪನಿಗಳ ಸಾಧನಗಳಲ್ಲಿ ಮೊದಲ ಹಂತ ಮಾತ್ರ ಮನೆಯಲ್ಲಿ ನಡೆದು, ಉಳಿದವು ಸಾಮಾನ್ಯವಾಗಿ ಹೊರಗೆ ನಡೆಯುತ್ತವೆ. ನಮ್ಮ ಮನೆಯಲ್ಲಿ ನಾಲ್ಕೂ ಅಟ್ಟದ ಕೆಳಗಿನ ಆ ಪುಟ್ಟ ಪೆಟ್ಟಿಗೆಯೊಳಗೇ ಮುಗಿಯುತ್ತವೆ. ಎಚ್ಚರಿಸುವ ಪದಗಳಲ್ಲಿ ‘ಓಕೆ ನಬು’ ಎಂಬುದೊಂದು. ನಬು ಪ್ರಾಚೀನ ಬ್ಯಾಬಿಲೋನಿನ ಬರವಣಿಗೆಯ ದೇವತೆ. ನನ್ನ ತಾಯಿ ಆ ದೇವತೆಯನ್ನು ಮನೆಯ ಹುಡುಗನನ್ನು ಕೂಗಿದಂತೆ ಕೂಗುತ್ತಾರೆ.

ಕಠಿಣವಾದುದು ಎರಡನೆಯ ಹಂತ, ಏಕೆಂದರೆ ಅಲ್ಲಿ ಎದುರಾಗುವುದು ಕನ್ನಡದ ಪ್ರಶ್ನೆ. ಓಪನ್‌ಎಐ ಸಂಸ್ಥೆ 2022ರ ಸೆಪ್ಟೆಂಬರ್‌ನಲ್ಲಿ ಮುಕ್ತವಾಗಿ ಬಿಡುಗಡೆ ಮಾಡಿದ ‘ವಿಸ್ಪರ್’ ಮಾದರಿಯ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಆದರೆ ಅದರ ತರಬೇತಿಗೆ ಬಳಸಿದ 6,80,000 ಗಂಟೆಗಳ ಧ್ವನಿಯಲ್ಲಿ ಸುಮಾರು ಮೂರನೇ ಎರಡರಷ್ಟು ಇಂಗ್ಲಿಷೇ. ಸಣ್ಣ ಕಂಪ್ಯೂಟರಿನಲ್ಲಿ ಓಡಬಲ್ಲ ಅದರ ಚಿಕ್ಕ ಮಾದರಿಗಳಿಗೆ ನನ್ನ ತಾಯಿಯ ಧಾರವಾಡದ ಮಾತು ಬಹುಮಟ್ಟಿಗೆ ಗದ್ದಲವಾಗಿಯೇ ಕೇಳಿಸಿತು. ಐಐಟಿ ಮದ್ರಾಸಿನ ‘ಎಐ4ಭಾರತ್’ ತಂಡವು 22 ಭಾರತೀಯ ಭಾಷೆಗಳಿಗಾಗಿ ಸಿದ್ಧಪಡಿಸಿದ ಮುಕ್ತ ಮಾದರಿ ಈ ಕೆಲಸದಲ್ಲಿ ಎಷ್ಟೋ ಮೇಲು.

ಇನ್ನೊಂದು ಅನುಕೂಲವೂ ಇತ್ತು. ಮನೆಯ ಆಜ್ಞೆಗಳ ಲೋಕ ಬಹಳ ಚಿಕ್ಕದು. ಒಂದು ವಾರ ಪಟ್ಟಿ ಮಾಡಿದಾಗ ನಮ್ಮ ಮನೆಯವರಿಗೆಲ್ಲ ಬೇಕಾದ ವಾಕ್ಯಗಳು ನಲವತ್ತನ್ನು ಮೀರಲಿಲ್ಲ: ದೀಪ, ಫ್ಯಾನು, ಗೀಸರು, ಸಂಪಿನ ಮೋಟರು. ಕೇಳಿಸಿದ್ದು ಅಷ್ಟಿಷ್ಟು ತಪ್ಪಾಗಿದ್ದರೂ ಪಟ್ಟಿಯಲ್ಲಿ ಅದಕ್ಕೆ ಅತಿ ಸಮೀಪದ ವಾಕ್ಯವನ್ನು ಆರಿಸಿಕೊಂಡರೆ ಹೆಚ್ಚಿನ ಸಂದರ್ಭಗಳಲ್ಲಿ ಕೆಲಸ ಕೆಡುವುದಿಲ್ಲ. ಜಗತ್ತಿನ ಎಲ್ಲ ಪ್ರಶ್ನೆಗಳಿಗೂ ಉತ್ತರಿಸುವ ಸರ್ವಜ್ಞನನ್ನು ಮನೆಯಲ್ಲಿ ಕೂರಿಸುವ ಹಂಬಲ ಬಿಟ್ಟರೆ ಯಂತ್ರದ ಭಾರವೂ ಇಳಿಯುತ್ತದೆ.

ಪಟ್ಟಿ ಮಾಡುವಾಗ ನಮ್ಮ ನುಡಿಯ ಒಂದು ಹಳೆಯ ಪದರವೂ ಕೈಗೆ ಸಿಕ್ಕಿತು. ಹಳೆಯ ಮೈಸೂರಿನವಳಾದ ನನ್ನ ಹೆಂಡತಿ ‘ಲೈಟ್ ಹಾಕು’ ಎಂದರೆ ನನ್ನ ತಾಯಿ ‘ಲೈಟ್ ಹಚ್ಚು’ ಎನ್ನುತ್ತಾರೆ. ಇದು ಸುಲಭ. ಆದರೆ ದೀಪ ಆರಿಸು ಎಂಬ ಮಾತು ಅವರ ಬಾಯಲ್ಲಿ ಬರುವುದೇ ಇಲ್ಲ, ಅದು ಅಶುಭ. ‘ದೀಪ ದೊಡ್ಡದು ಮಾಡು’ ಎನ್ನುತ್ತಾರೆ. ಅಕ್ಷರಶಃ ಅರ್ಥ ಮಾಡಿಕೊಳ್ಳುವ ಯಂತ್ರ ಆಗ ಬೆಳಕನ್ನು ಇನ್ನಷ್ಟು ಹೆಚ್ಚಿಸಿ ಮಲಗಿದವರ ನಿದ್ದೆ ಕೆಡಿಸೀತು. ದೂರದ ಕಂಪನಿಯ ಯಂತ್ರಕ್ಕೆ ಈ ಸೂಕ್ಷ್ಮವನ್ನು ತಿಳಿಸಲು ನನಗೆ ದಾರಿಯಿಲ್ಲ. ನನ್ನ ತಾಯಿಯೇ ಎಂಬತ್ತು ವರ್ಷಗಳ ನುಡಿಗಟ್ಟನ್ನು ತಿದ್ದಿಕೊಳ್ಳಬೇಕಾಗುತ್ತಿತ್ತು. ಮನೆಯ ಯಂತ್ರದಲ್ಲಿ ಒಂದು ಸಾಲು ಬರೆದರೆ ಸಾಕಾಯಿತು. ಮನುಷ್ಯ ಯಂತ್ರದ ಭಾಷೆ ಕಲಿಯಬೇಕೋ, ಯಂತ್ರ ಮನುಷ್ಯನ ಭಾಷೆ ಕಲಿಯಬೇಕೋ ಎಂಬ ದೊಡ್ಡ ವಾದ ಆ ಒಂದು ಸಾಲಿನಲ್ಲಿ ಇತ್ಯರ್ಥವಾಯಿತು ಎನಿಸಿತು.

ಹೊರಗಿನ ಆಸರೆಯನ್ನು ನೆಚ್ಚಿಕೊಳ್ಳದಿರುವುದರ ಇನ್ನೊಂದು ಲಾಭ ಸ್ಥಿರತೆ. ಅಮೆರಿಕದ ಇನ್‌ಸ್ಟಿಯಾನ್ ಕಂಪನಿ 2022ರ ಏಪ್ರಿಲ್‌ನಲ್ಲಿ ತನ್ನ ಸರ್ವರುಗಳನ್ನು ಏಕಾಏಕಿ ನಿಲ್ಲಿಸಿದಾಗ, ಹಣ ಕೊಟ್ಟು ಕೊಂಡ ಸಾಧನಗಳು ಅನೇಕರ ಮನೆಗಳಲ್ಲಿ ನಿರುಪಯುಕ್ತವಾದವು. 2025ರ ಅಕ್ಟೋಬರ್ 20ರಂದು ಅಮೆಜಾನಿನ ಕ್ಲೌಡ್ ವ್ಯವಸ್ಥೆ ಕೆಟ್ಟಾಗ ಅಲೆಕ್ಸಾ ಕೂಡ ಹಲವೆಡೆ ಮೂಕವಾಯಿತು. ನಮ್ಮ ಬೀದಿಯಲ್ಲಿ ರಸ್ತೆ ಅಗೆದು ಇಂಟರ್‌ನೆಟ್ ಕೇಬಲ್ ತುಂಡಾದ ದಿನವೂ, ಕರೆಂಟು ಹೋಗಿ ಯುಪಿಎಸ್ ಮೇಲೆ ಮನೆ ನಡೆದ ರಾತ್ರಿಯೂ ನನ್ನ ತಾಯಿಯ ಕೋಣೆಯ ದೀಪ ಅವರ ಮಾತನ್ನು ಮೀರಲಿಲ್ಲ.

ಇದರ ಮಿತಿಗಳನ್ನೂ ಹೇಳಬೇಕು. ಮಿಕ್ಸಿ ತಿರುಗುವಾಗ, ಟಿ.ವಿ. ಜೋರಾಗಿರುವಾಗ ಅದಕ್ಕೆ ಏನೂ ಕೇಳಿಸುವುದಿಲ್ಲ. ಉತ್ತರ ಒಂದೆರಡು ಕ್ಷಣ ತಡವಾಗುತ್ತದೆ. ತಂತ್ರಾಂಶವನ್ನು ಆಗಾಗ ಪರಿಷ್ಕರಿಸುತ್ತಿರಬೇಕು. ಕೆಟ್ಟರೆ ಸರಿಪಡಿಸುವ ಮೆಕ್ಯಾನಿಕ್ ಬೀದಿಯಲ್ಲಿ ಸಿಗುವುದಿಲ್ಲ. ಆದ್ದರಿಂದಲೇ ಗೋಡೆಯ ಸ್ವಿಚ್ಚುಗಳೆಲ್ಲ ಮೊದಲಿನಂತೆಯೇ ಕೆಲಸ ಮಾಡುವಂತೆ ಜೋಡಿಸಿದ್ದೇನೆ. ಬಾಗಿಲ ಬೀಗವನ್ನೂ ಗ್ಯಾಸನ್ನೂ ಮಾತಿನ ವಶಕ್ಕೆ ಕೊಟ್ಟಿಲ್ಲ.

ಇವೆಲ್ಲಕ್ಕಿಂತ ಗಂಭೀರವಾದ ಪ್ರಶ್ನೆ ಬೇರೆಯೇ ಇದೆ. ಖಾಸಗಿತನವು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿದ ಪ್ರಕರಣಕ್ಕೆ ಹೆಸರು ಕೊಟ್ಟವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪಿನ ಬೆನ್ನಿಗೆ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು, ವ್ಯಕ್ತಿಯೊಬ್ಬ ಗೃಹಕೃತ್ಯದ ಉದ್ದೇಶಕ್ಕೆ ಬಳಸುವ ಮಾಹಿತಿಗೆ ಅನ್ವಯಿಸುವುದಿಲ್ಲ. ಅಂದರೆ ಕಂಪನಿಯ ಕಿವಿಯನ್ನು ಹೊರಗಟ್ಟಿದ ಮಾತ್ರಕ್ಕೆ ಮನೆಯಲ್ಲಿ ಕಿವಿಯೇ ಇಲ್ಲದಂತಾಗಲಿಲ್ಲ. ಅದರ ಯಜಮಾನ ಈಗ ನಾನು, ನನ್ನನ್ನು ಕೇಳುವವರು ಯಾರೂ ಇಲ್ಲ. ಮನೆಗೆಲಸಕ್ಕೆ ಬರುವ ಹೆಣ್ಣುಮಗಳು ಫೋನಿನಲ್ಲಿ ತನ್ನ ಸಂಸಾರದ ಕಷ್ಟ ಹೇಳಿಕೊಳ್ಳುವುದು ನಮ್ಮ ಅಡುಗೆಮನೆಯಲ್ಲೇ. ಆಕೆಗೂ ಖಾಸಗಿತನದ ಹಕ್ಕು ಇದೆ.

ಆದ್ದರಿಂದ ನಮ್ಮ ಮನೆಯಲ್ಲಿ ಧ್ವನಿಯನ್ನು ಉಳಿಸಿಡುವುದಿಲ್ಲ. ಆಜ್ಞೆ ನೆರವೇರಿದೊಡನೆ ಅಳಿಸಿಹೋಗುತ್ತದೆ. ಅಡುಗೆಮನೆಯಲ್ಲಿ ಮೈಕು ಇಲ್ಲ. ಇರುವ ಎರಡು ಕಡೆಯೂ ಅದನ್ನು ಬಾಯಿಮುಚ್ಚಿಸುವ ಗುಂಡಿ ಯಾರ ಕೈಗೂ ಎಟಕುವಂತಿದೆ. ಇದು ಏನು, ಏನು ಕೇಳುತ್ತದೆ ಎಂಬುದನ್ನು ಮನೆಗೆ ಬರುವವರಿಗೆ ಕನ್ನಡದಲ್ಲಿ ವಿವರಿಸಿದ್ದೇನೆ. ಕಂಪನಿಗಳಿಂದ ನಾವು ನಿರೀಕ್ಷಿಸುವ ಸಭ್ಯತೆಯನ್ನು ಮೊದಲು ನಾವೇ ಪಾಲಿಸಬೇಕಷ್ಟೆ.

ಎಲ್ಲರೂ ಎಸ್.ಪಿ. ರಸ್ತೆಗೆ ಹೋಗಿ ಪೆಟ್ಟಿಗೆ ತಂದು ರಾತ್ರಿಗಟ್ಟಲೆ ಕೂರಲಾರರು, ಕೂರಬೇಕಾಗಿಯೂ ಇಲ್ಲ. ಕೀಲಿಮಣೆಯಲ್ಲಿ, ಅಕ್ಷರವಿನ್ಯಾಸದಲ್ಲಿ ಕನ್ನಡ ನೆಲೆಯೂರುವುದಕ್ಕೆ ಸಾರ್ವಜನಿಕ ಪ್ರಯತ್ನ ಬೇಕಾಯಿತು. ಧ್ವನಿಯ ವಿಷಯದಲ್ಲೂ ಅದೇ ಬೇಕು. ಬೀದರಿನಿಂದ ಚಾಮರಾಜನಗರದವರೆಗಿನ ಮಾತುಗಳ ಧ್ವನಿಸಂಗ್ರಹ, ಹೇಳಿದವರ ಒಪ್ಪಿಗೆ ಪಡೆದು, ಯಾರು ಬೇಕಾದರೂ ಬಳಸುವಂತೆ ಮುಕ್ತವಾಗಿ ದೊರೆಯುವಂತಾದರೆ, ಕನ್ನಡ ಬಲ್ಲ ಸಾಧನವನ್ನು ನಮ್ಮ ಸಣ್ಣ ಉದ್ಯಮಗಳೇ ತಯಾರಿಸಬಲ್ಲವು. ಇಲ್ಲವಾದರೆ ನಮ್ಮ ಮುದುಕರು ಕತ್ತಲಲ್ಲಿ ಸ್ವಿಚ್ಚು ತಡಕುತ್ತಲೇ ಇರಬೇಕಾಗುತ್ತದೆ, ಅಥವಾ ಬೆಳಕಿಗಾಗಿ ಮನೆಯ ಮಾತನ್ನೆಲ್ಲ ಹೊರಗೆ ಒಪ್ಪಿಸಬೇಕಾಗುತ್ತದೆ. ಅವರನ್ನು ಈ ಇಕ್ಕಟ್ಟಿಗೆ ದೂಡುವುದು ನ್ಯಾಯವಲ್ಲ.